ಬಾಯೊಳಗಿನ ಅಕ್ಕಿ

ಸುರಪುರ
೪ ಡಿಸೆಂಬರ್ ೨೦೨೩

ಖಾಜಾಬೀ,

ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಮಗಳು ದೇವಿಕಾಳ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದೆ. ಸರಿ, ಪತ್ರವಾದರೂ ಓದು. ದೇವಾಪುರದ ಶಾಲೆಯಲ್ಲಿ ನನ್ನ ರಜೆ ಚೀಟಿ ನೀನು, ನಿನ್ನದು ನಾನು ಬರೆಯುತ್ತಿದ್ದೆವಲ್ಲ, ಆ ಕೈಬರಹ ಇನ್ನೂ ಕೆಟ್ಟಿಲ್ಲ ನೋಡು. ಶಹಾಪುರದಲ್ಲಿ ನಿನ್ನ ತಮ್ಮ ಮನ್ಸೂರಅಲಿಯ ಅಂಗಡಿಯ ವಿಳಾಸ ಗೊತ್ತಿತ್ತು, ಅಲ್ಲಿಗೇ ಹಾಕುತ್ತಿದ್ದೇನೆ. ಉತ್ತರ ಬರೆಯುವುದಾದರೆ ನಾನು ಕೆಲಸ ಮಾಡುವ ಅಂಗನವಾಡಿಗೆ ಬರೆ. ಮನೆಗೆ ಬೇಡ. ಮನೆಗೆ ಬಂದ ಮದುವೆ ಪತ್ರಿಕೆಯನ್ನೂ ಇವರು ಬೆಳಕಿಗೆ ಹಿಡಿದು ನೋಡಿಯೇ ಒಡೆಯುತ್ತಾರೆ.

ಮನೆ ಈಗ ಮನೆಯಾಗಿ ಉಳಿದಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ನಾವು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಸಂಜೆ ಬರುವಷ್ಟರಲ್ಲಿ ಕಳ್ಳರು ಬಂದು ಹೋಗಿದ್ದರಲ್ಲ, ಅವರು ಒಯ್ದದ್ದು ನನ್ನ ಬೋರಮಾಳ, ದೇವಿಕಾಳ ಬೆಂಡೋಲೆ, ಒಂದು ಬೆಳ್ಳಿಯ ತಾಟು. ಅವು ಹೋಗಲಿ ಬಿಡು. ಹೋದದ್ದು ಇವರ ತಲೆ. ಮುಂಬಾಗಿಲಿಗೆ ಈಗ ಐದು ಬೀಗ. ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿದ್ದಾರೆ, ಮೊನ್ನೆ ಬೆಕ್ಕು ಕಾಲು ಕೊಯ್ದುಕೊಂಡು ಅಂಗಳವೆಲ್ಲ ರಕ್ತ ಮಾಡಿತು. ಹುಣಸಗಿಯ ಗೊಬ್ಬರದ ಅಂಗಡಿಗೆ ಹೊರಟವರು ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತಾರೆ.

ಹೋದ ವಾರ ಗ್ಯಾಸ್ ಒಲೆ ರಿಪೇರಿ ಮಾಡುವವನೊಬ್ಬ ಕೂಗುತ್ತ ಬಂದು ನಮ್ಮ ಗೇಟಿನೊಳಗೆ ಇಣುಕಿದ. "ಯಾಂವಲೇ ನೀ? ಯಾರ ಮನಿ ನೋಡಾಕ ಬಂದೀ?" ಎಂದವರೇ ಇವರು ಹಾರೆ ಹಿಡಿದು ಹೊರಗೆ ಬಿದ್ದರು. ಆತ "ಒಲಿ ರಿಪೇರಿರೀ ಸಾವ್ಕಾರ" ಎನ್ನುವಷ್ಟರಲ್ಲಿ ಮೊಣಕಾಲಿಗೆ ಏಟು ಬಿತ್ತು. ಎರಡನೆಯದು ಬೆನ್ನಿಗೆ. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ಬೇಡ ಎನ್ನಲಿಲ್ಲ. ದೇವಿಕಾ ಹೋಗಿ ಮಣ್ಣಿನಲ್ಲಿ ಚೆಲ್ಲಿದ್ದ ಹಿತ್ತಾಳೆಯ ಬರ್ನರುಗಳನ್ನು ಆಯ್ದು ಅವನ ಚೀಲಕ್ಕೆ ತುಂಬಿ ಕೊಟ್ಟಳು. ಆತ ಕುಂಟುತ್ತ ಹೋದ. ಇವರು ಒಳಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಜಮಾಲಣ್ಣನ ಕೈ ಹೇಗಿದೆ? ಅವತ್ತಿನ ಗಲಾಟೆಯ ನಂತರ ನಿಮ್ಮ ಮನೆಯ ಕಡೆ ಬರಲು ನನಗೆ ಮುಖವಿರಲಿಲ್ಲ. ಹೇಗಾದರೂ ಬರಬೇಕು ಎಂದುಕೊಳ್ಳುವಷ್ಟರಲ್ಲಿ ನೀವು ಸಾಮಾನು ಕಟ್ಟಿಕೊಂಡು ಶಹಾಪುರಕ್ಕೆ ಹೋಗಿಬಿಟ್ಟಿದ್ದಿರಿ. ಈ ಮನೆಗೆ ಮತ್ತೆ ನೆಮ್ಮದಿ ಹೇಗೆ ತರಲಿ ಖಾಜಾಬೀ? ನಿನ್ನ ಹತ್ತಿರ ಹೇಳದೆ ಇನ್ಯಾರ ಹತ್ತಿರ ಹೇಳಲಿ?

ನಿನ್ನ,
ಅಮೃತ


ಶಹಾಪುರ
೧೯ ಡಿಸೆಂಬರ್ ೨೦೨೩

ಶ್ರೀಮತಿ ಅಮೃತಮ್ಮ ಬಸವಂತ್ರಾಯ ಇವರಿಗೆ,

ನಿಮ್ಮ ಮನೆಯ ನೆಮ್ಮದಿಯ ವಿಚಾರ ಓದಿದೆ. ಬೆಕ್ಕಿನ ಕಾಲಿನ ವಿಚಾರವನ್ನೂ ಓದಿದೆ.

"ಗಲಾಟೆ" ಎಂದು ಬರೆದಿದ್ದೀಯ. ಗಲಾಟೆ ಅಂದರೆ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿಸಿ ಬೈದಾಡುವುದು. ನಿನ್ನ ಅಂಗಳದಲ್ಲಿ ನಡೆದದ್ದು ಬೇರೆ. ನೀನು ಕಣ್ಣು ಕೆಳಗೆ ಹಾಕಿಕೊಂಡಿದ್ದೆ, ನೋಡಿರಲಿಕ್ಕಿಲ್ಲ. ನಾನು ನೋಡಿದ್ದನ್ನು ಬರೆಯುತ್ತೇನೆ.

ಕಳವಾದ ಮೂರನೆಯ ದಿನ ನಿನ್ನ ಗಂಡ ಅಕ್ಕಿ ಮಂತ್ರಿಸುವ ಸುಲ್ತಾನಸಾಬನನ್ನು ಕರೆಸಿದ. ಆ ತಿಂಗಳು ನಿಮ್ಮ ಮನೆಯೊಳಗೆ ಕಾಲಿಟ್ಟವರೆಲ್ಲ ಸಾಲಾಗಿ ಕೂತೆವು. ನೀನು, ದೇವಿಕಾ, ಹಾಲಿನ ಮುದುಕಿ, ನಾನು, ನೀನು ಜಮಾಲಣ್ಣ ಎನ್ನುವ ನನ್ನ ಗಂಡ. ಇವರು ಒಂದು ವಾರ ನಿಮ್ಮ ಗೋಡೆಯ ಕಪಾಟಿಗೆ ಬಾಗಿಲು ಕೂರಿಸಿದ್ದರು. ಅಂಗನವಾಡಿಗೆ ಹೋಗುವಾಗ ಮನೆಯ ಕೀಲಿಯನ್ನು ನೀನೇ ಇವರ ಕೈಗೆ ಕೊಟ್ಟು ಹೋಗುತ್ತಿದ್ದೆ. ಕಳವಾದ ದಿನ ಮುಂಬಾಗಿಲ ಬೀಗ ಒಡೆದಿರಲಿಲ್ಲ. ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಾಗಾದರೆ ಇನ್ನೊಂದು ಕೀಲಿ ಮಾಡಿಸಿಟ್ಟುಕೊಂಡವನು ಬಡಗಿಯೇ ಎಂದು ನಿನ್ನ ಗಂಡ ಅಕ್ಕಿ ಬರುವ ಮುಂಚೆಯೇ ತೀರ್ಮಾನಿಸಿದ್ದ.

ಒಬ್ಬೊಬ್ಬರಿಗೆ ಒಂದು ಹಿಡಿ ಹಸಿ ಅಕ್ಕಿ. ಅಗಿದು ಎಲೆಯ ಮೇಲೆ ಉಗುಳಬೇಕು. ಕದ್ದವನ ಅಕ್ಕಿ ಒಣಗಿರುತ್ತದೆ, ಇಲ್ಲವೆ ಕೆಂಪಾಗಿರುತ್ತದೆ ಎಂದ ಸುಲ್ತಾನಸಾಬ. ಹತ್ತು ವರ್ಷ ಗುಟ್ಕಾ ತಿಂದು ಇವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಒಳಗೆಲ್ಲ ಹುಣ್ಣು. ಅದು ನಿನಗೆ ಗೊತ್ತಿತ್ತು. ಇವರು ನಿಮ್ಮಲ್ಲಿ ಊಟಕ್ಕೆ ಕೂತಾಗ ಖಾರವಿಲ್ಲದ ಬೇಳೆ ಬೇರೆ ತೆಗೆದಿಡುತ್ತಿದ್ದವಳು ನೀನೇ. ಇವರು ಉಗುಳಿದ ಅಕ್ಕಿಯಲ್ಲಿ ರಕ್ತ ಬಂತು.

"ಬಂತ ನೋಡಣ್ಣಾ, ಬಂತ!" ಎಂದು ನಿನ್ನ ಮೈದುನ ದೇವು ಕುಣಿದ. ಇವರ ಕುತ್ತಿಗೆ ಹಿಡಿದು ಹೊಸ್ತಿಲಿಗೆ ಬಗ್ಗಿಸಿ ಬಲಗೈಯನ್ನು ಕಾಲಿನಿಂದ ಒತ್ತಿದ. ನಿನ್ನ ಗಂಡ ಬಾಗಿಲ ಅಗಳಿ ಕಿತ್ತುಕೊಂಡು ಬಂದ. "ಈ ಕೈಲೇ ತಿರುವಿದೇನಲೇ ಕೀಲಿ?" ಮೂರು ಏಟು. ಮೊದಲನೆಯದಕ್ಕೆ ಇವರು ಕೂಗಿದರು. ಎರಡನೆಯದಕ್ಕೆ ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು. ಮೂರನೆಯದಕ್ಕೆ ಇವರು ಕೂಗಲೂ ಇಲ್ಲ.

ಕಲಬುರಗಿಯಲ್ಲಿ ಎರಡು ಸಲ ಆಪರೇಷನ್ ಆಯಿತು. ಹೆಬ್ಬೆರಳು, ತೋರುಬೆರಳು ಮಡಚುವುದಿಲ್ಲ. ಉಳಿಯೂ ಹಿಡಿಯಲಾಗುವುದಿಲ್ಲ, ಪೆನ್ನೂ ಹಿಡಿಯಲಾಗುವುದಿಲ್ಲ. ನಾನು ಇಲ್ಲೊಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ಮನ್ಸೂರ ಠಾಣೆಗೆ ದೂರು ಕೊಟ್ಟಿದ್ದಾನೆ. ಆದರೆ ಇವರು ನಿಮ್ಮ ಅಟ್ಟದ ಮೇಲಿಂದ ಬಿದ್ದರು ಎಂದು ಓಣಿಯವರೆಲ್ಲ ಹೇಳಿಕೆ ಕೊಟ್ಟಿದ್ದಾರಂತೆ. ಸುರಪುರದಲ್ಲಿ ನನ್ನ ಗಂಡ ಇವತ್ತಿಗೂ ಕಳ್ಳ.

ನೀನು ಠಾಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳುತ್ತೀಯೋ ಇಲ್ಲವೋ? ಅಷ್ಟು ಬರೆ. ಬೇರೆ ಏನೂ ಬರೆಯಬೇಡ.

ಖಾಜಾಬೀ


ಸುರಪುರ
೨೧ ಜನವರಿ ೨೦೨೪

ಖಾಜಾಬೀ,

ನಿನ್ನ ಪತ್ರವನ್ನು ಅಂಗನವಾಡಿಯ ಅಡುಗೆ ಕೋಣೆಯಲ್ಲಿ ಕೂತು ಓದಿದೆ. ಮಕ್ಕಳು ಊಟಕ್ಕೆ ತಾಟು ಬಡಿಯುತ್ತಿದ್ದವು, ನನಗೆ ಏಳಲಾಗಲಿಲ್ಲ. ಬೇಗ ಉತ್ತರ ಬರೆಯಲು ಧೈರ್ಯ ಬರಲಿಲ್ಲ ಎಂದೇ ತಿಳಿ.

ಸಂಕ್ರಾಂತಿಯ ಮುಂಚೆ ಇವರು ಮನೆಗೆ ಶಾಂತಿ ಮಾಡಿಸಿದರು. ಗೋಮೂತ್ರ ಚಿಮುಕಿಸಿದರು, ನಿಂಬೆಹಣ್ಣು ಕೊಯ್ದರು, ಬಾಗಿಲಲ್ಲಿ ಕುಂಬಳಕಾಯಿ ಒಡೆದರು. ಬಂದ ಸ್ವಾಮಿಗಳು ಹೊಸ್ತಿಲಿಗೆ ದೋಷವಿದೆ, ಬದಲಿಸಿ ಎಂದರು. ಹಳೆಯ ಹೊಸ್ತಿಲನ್ನು ಕಿತ್ತು ಬಚ್ಚಲ ಒಲೆಗೆ ಹಾಕಿದರು. ಒಳ್ಳೆಯ ತೇಗ, ಎರಡು ದಿನ ಉರಿಯಿತು. ಆ ನೀರಿನಿಂದ ನಾನು ಸ್ನಾನ ಮಾಡಲಿಲ್ಲ. ಮೈಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದೆ.

ಶಾಂತಿಯಾದ ನಾಲ್ಕನೆಯ ದಿನ ಕೊರಿಯರಿನವನು ಬಂದ. ದೇವಿಕಾ ಯಾರೆಂದು ಕೇಳದೆ ಬಾಗಿಲು ತೆರೆದಳು. ಅಷ್ಟಕ್ಕೇ ಇವರು ಅವಳ ಕೆನ್ನೆಗೆ ಹೊಡೆದ ಏಟಿಗೆ ಕಿವಿಯೋಲೆಯ ಕೊಕ್ಕೆ ಕಿತ್ತು ಬಂತು. ನಡುವೆ ಹೋದ ನನ್ನ ತೋಳು ಹಿಡಿದು ತಿರುವಿದರು. ಇನ್ನೂ ತಲೆ ಬಾಚಿಕೊಳ್ಳಲು ಕೈ ಮೇಲೆ ಏಳುವುದಿಲ್ಲ. ಆಮೇಲೆ ಅವರೇ ಬಿಸಿನೀರು ಕಾಯಿಸಿ ತಂದು ಶಾಖ ಕೊಟ್ಟರು. "ನಿಮ್ಮ ಸಲುವಾಗೇ ಬಡಕೊಳ್ಳಾಕತ್ತೇನಿ, ನಿಮಗ ತಿಳಿಯಂಗಿಲ್ಲ" ಎಂದು ಅತ್ತರು. ನಾನು ಸಮಾಧಾನ ಮಾಡಿದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಊರ ಸುದ್ದಿಯೆಲ್ಲ ಬರೆಯುತ್ತಿದ್ದೇನೆ ಎಂದು ನೀನು ಹಲ್ಲು ಕಡಿಯುತ್ತಿರುತ್ತೀಯ. ಕೇಳು. ನಾನು ಠಾಣೆಯ ಮೆಟ್ಟಿಲು ಹತ್ತಿದರೆ ಅವತ್ತೇ ನನ್ನ ಕೊನೆ. ದೇವಿಕಾಳ ಹತ್ತನೆಯ ಪರೀಕ್ಷೆ ಎದುರಿಗಿದೆ, ಅದಾದರೂ ಮುಗಿಯಲಿ. ಜಮಾಲಣ್ಣ ಕದ್ದಿಲ್ಲ ಎಂದು ನನಗೆ ಗೊತ್ತು. ಬೇಕಾದರೆ ದೇವರ ಮುಂದೆ ನಿಂತು ಹೇಳುತ್ತೇನೆ.

ಬೈಯಬೇಡ.

ಅಮೃತ


ಶಹಾಪುರ
೨ ಫೆಬ್ರುವರಿ ೨೦೨೪

ಅಮೃತಾ,

ದೇವರಿಗೆ ನಿನ್ನ ಸಾಕ್ಷಿ ಬೇಕಾಗಿಲ್ಲ. ಠಾಣೆಗೆ ಬೇಕು.

ಜಮಾಲಣ್ಣ ಕದ್ದಿಲ್ಲ ಎಂದು ಗೊತ್ತು ಎನ್ನುತ್ತೀಯ. ಹೇಗೆ ಗೊತ್ತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಹಾಗಾದರೆ ನಾನೇ ಬರೆಯುತ್ತೇನೆ. ಅಮಾವಾಸ್ಯೆಯ ಬೆಳಿಗ್ಗೆ ನೀನು ಹಿತ್ತಿಲಲ್ಲಿ ಬಟ್ಟೆ ಹರವಿ ಒಳಗೆ ಬಂದೆ. ಹೊರಗೆ ನಿನ್ನ ಗಂಡ ಬಾಡಿಗೆ ಜೀಪಿನ ಹಾರ್ನು ಬಡಿಯುತ್ತಿದ್ದ. ಅವಸರದಲ್ಲಿ ಹಿಂಬಾಗಿಲ ಚಿಲಕ ಹಾಕುವುದನ್ನು ಮರೆತೆ. ಸಂಜೆ ಬಂದು ನೋಡಿದರೆ ಹಿಂಬಾಗಿಲು ಹಾರುಹೊಡೆದು ತೆರೆದಿತ್ತು, ಕಪಾಟು ಖಾಲಿ. ನಿನ್ನ ಗಂಡ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನೀನು ಓಡಿಹೋಗಿ ಚಿಲಕ ಹಾಕಿದೆ. ಆ ಒಂದು ಚಿಲಕದಿಂದ ನನ್ನ ಗಂಡ ಕಳ್ಳನಾದ.

ಅಕ್ಕಿ ಅಗಿಯುವ ದಿನ ಬೆಳಿಗ್ಗೆ ನನ್ನ ಅಡುಗೆ ಮನೆಗೆ ಬಂದು ಇದನ್ನೆಲ್ಲ ಹೇಳಿದೆ. "ನನ್ನ ಬಾಯಿ ಒಣಗ್ಯಾದ ಖಾಜಾಬೀ, ನನ್ನ ಅಕ್ಕಿ ಒಣಗೇ ಬರ್ತಾವು, ಕೊಂದಾ ಹಾಕ್ತಾರ ನನ್ನ" ಎಂದೆ. ನಾನು ಡಬ್ಬಿಯಿಂದ ಹುಣಸೆಹಣ್ಣಿನ ಚೂರು ತೆಗೆದು ಕೊಟ್ಟೆ. ನಾಲಿಗೆಯ ಕೆಳಗೆ ಇಟ್ಟುಕೋ, ನಿನ್ನ ಸರದಿ ಬರುವ ಮುಂಚೆ ನುಂಗು, ಬಾಯಿ ತಾನೇ ನೀರಾಗುತ್ತದೆ ಎಂದೆ. ನಿನ್ನ ಅಕ್ಕಿ ಒದ್ದೆಯಾಗಿ ಬಿತ್ತು. ಸುಲ್ತಾನಸಾಬ ತಲೆಯಾಡಿಸಿದ.

ಇವರಿಗೆ ಏಟು ಬೀಳುವಾಗ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಮೂರು ಏಟಿನ ತನಕ ಕಾದೆ.

ಇದನ್ನು ನಾನು ಹೇಳಿದರೆ, ಗಂಡನನ್ನು ಉಳಿಸಿಕೊಳ್ಳಲು ಕಟ್ಟಿದ ಕಥೆ ಎನ್ನುತ್ತಾರೆ. ನಿನ್ನ ಬಾಯಿಂದಲೇ ಬರಬೇಕು. ಬರುವ ತನಕ ನನಗೆ ಬರೆಯಬೇಡ. ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಖಾಜಾಬೀ


ಸುರಪುರ
೧೮ ಏಪ್ರಿಲ್ ೨೦೨೪

ಖಾಜಾಬೀ,

ಒಲೆಗೆ ಹಾಕಬೇಡ. ಹೇಳಿ ಬಂದಿದ್ದೇನೆ.

ನಿನ್ನ ಪತ್ರಕ್ಕೆ ಎರಡೂವರೆ ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಎಂಟನೆಯ ತಾರೀಖು ಬೆಳಿಗ್ಗೆ ಹತ್ತಕ್ಕೆ ಪೊಲೀಸರ ಜೀಪು ಬಂತು. ಯಾದಗಿರಿಯ ಕಡೆ ಯಾವುದೋ ಮನೆಗೆ ನುಗ್ಗಿ ಸಿಕ್ಕಿಬಿದ್ದ ಇಬ್ಬರು ನಮ್ಮ ಮನೆಯ ಕಳವನ್ನೂ ಒಪ್ಪಿಕೊಂಡಿದ್ದರಂತೆ. ಮಹಜರಿಗೆಂದು ಒಬ್ಬನನ್ನು ಕರೆತಂದಿದ್ದರು. ಸಣಕಲು ಮನುಷ್ಯ, ನಿದ್ದೆಗೆಟ್ಟ ಕಣ್ಣು. ನೆಟ್ಟಗೆ ಹಿತ್ತಿಲಿಗೆ ಹೋಗಿ ನಿಂತ. "ಈ ಬಾಗಿಲಾರೀ. ನಾವೇನ್ ಮುರದಿಲ್ರಿ, ಚಿಲಕಾ ಹಾಕಿದ್ದಿಲ್ಲ. ದೂಕಿದ್ವಿ, ಒಳಗ ಬಂದ್ವಿ" ಎಂದ. ಬರೆದುಕೊಂಡು ಪೊಲೀಸರು ಹೋದರು.

ಇವರು ಜಮಾಲಣ್ಣನ ಹೆಸರೆತ್ತಿ ಅಯ್ಯೋ ಎನ್ನುತ್ತಾರೇನೋ ಎಂದು ನಾನು ಕಾದೆ. ಇವರು ಕೇಳಿದ್ದು ಒಂದೇ ಮಾತು. "ಚಿಲಕಾ ಯಾರ್ ಹಾಕಿದ್ದಿಲ್ಲ?"

ನನ್ನ ಬಾಯಿ ಅವತ್ತಿನ ಹಾಗೆಯೇ ಒಣಗಿತು. ದೇವಿಕಾ ನನ್ನ ಮುಖ ನೋಡಿದಳು. ಆ ಹುಡುಗಿಗೆ ಯಾವಾಗಿನಿಂದ ಗೊತ್ತಿತ್ತೋ ಏನೋ. "ನಾನಪ್ಪಾ, ನಾನಾ ಮರತಿದ್ದೆ" ಎಂದಳು.

ಇವರು ಅವಳ ಜಡೆ ಹಿಡಿದು ತಲೆಯನ್ನು ಕಪಾಟಿನ ಬಾಗಿಲಿಗೆ ಅಪ್ಪಳಿಸಿದರು. ಎರಡು ಸಲ. ಮುಂದಿನ ಹಲ್ಲು ಮುರಿದು ನೆಲಕ್ಕೆ ಬಿತ್ತು, ಬಾಯಿ ತುಂಬ ರಕ್ತ. ಸುಳ್ಳು ಬರೆಯುವುದಿಲ್ಲ ಖಾಜಾಬೀ, ಆ ಎರಡು ಏಟು ಬೀಳುವ ತನಕ ನಾನು ನಿಂತೇ ಇದ್ದೆ. ನನ್ನ ಪಾಲಿನದನ್ನು ಮತ್ತೊಬ್ಬರು ತಿನ್ನುತ್ತಿದ್ದರು, ನಾನು ಸುಮ್ಮನೆ ನೋಡುತ್ತಿದ್ದೆ. ಇವರು ಮೂಲೆಯಲ್ಲಿದ್ದ ಹಾರೆಗೆ ಕೈ ಹಾಕಿದಾಗ ನನ್ನ ಬಾಯಿ ತೆರೆಯಿತು.

"ಅಕಿ ಅಲ್ಲ, ನಾನು! ಚಿಲಕಾ ಬಿಟ್ಟಾಕಿನೂ ನಾನಾ, ಬಂದ ಮ್ಯಾಲ ಹಾಕಿದಾಕಿನೂ ನಾನಾ! ಜಮಾಲಣ್ಣನ ಕೈ ಮುರದಾಕಿನೂ ನಾನಾ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

ಹಾರೆ ನನ್ನ ಪಕ್ಕೆಗೆ ಬಿತ್ತು. ಎರಡು ಎಲುಬು ಬಿರುಕು ಬಿಟ್ಟಿವೆ ಎಂದು ಡಾಕ್ಟರು ಆಮೇಲೆ ಹೇಳಿದರು. ಇನ್ನೊಮ್ಮೆ ಎತ್ತಿದಾಗ ಒಲೆಯ ಮೇಲಿದ್ದ ರೊಟ್ಟಿ ಹಂಚನ್ನು ಬರಿಗೈಯಲ್ಲಿ ಎತ್ತಿ ಇವರ ಮಣಿಕಟ್ಟಿಗೆ ಬೀಸಿದೆ. ಹಾರೆ ಕೆಳಗೆ ಬಿತ್ತು. ಇವರು ಕೂಗಿದ ಕೂಗು ಕೇಳಿ ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಇನ್ನೊಂದು ಹೊಡೆಯಬೇಕು ಎನಿಸಿತು. ದೇವಿಕಾ ಸೆರಗು ಹಿಡಿದು ಎಳೆಯದಿದ್ದರೆ ಹೊಡೆಯುತ್ತಿದ್ದೆ. ನನ್ನ ಅಂಗೈ ಎರಡೂ ಸುಟ್ಟಿವೆ. ಅದಕ್ಕೇ ಈ ಪತ್ರವನ್ನು ಅವಳ ಕೈಯಲ್ಲಿ ಬರೆಸುತ್ತಿದ್ದೇನೆ.

ಆಸ್ಪತ್ರೆಯಿಂದ ನೇರ ಠಾಣೆಗೆ ಹೋದೆವು. ಚಿಲಕ, ಅಕ್ಕಿ, ದೇವು ಕುತ್ತಿಗೆ ಹಿಡಿದದ್ದು, ಇವರು ಅಗಳಿಯಿಂದ ಹೊಡೆದದ್ದು, ಎಲ್ಲ ಹೇಳಿದೆ. ಹುಣಸೆಹಣ್ಣಿನ ಮಾತು ಬಂದಾಗ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿ, "ಅದೇನ್ ಬೇಕಾಗಿಲ್ಲ ಬಿಡ್ರಿ ಅಕ್ಕಾರ" ಎಂದ. ಬರೆದುಕೊಳ್ಳಿ ಎಂದೆ. ಒಂದನ್ನು ಬಚ್ಚಿಟ್ಟು ಇಷ್ಟೆಲ್ಲ ಆಗಿದೆ, ಇನ್ನೊಂದನ್ನು ಬಚ್ಚಿಡುವುದು ಬೇಡವೆನಿಸಿತು. ಅದರಲ್ಲಿ ನಿನ್ನ ಹೆಸರಿದೆ. ಜಮಾಲಣ್ಣನಿಗೆ ನೀನು ಅದನ್ನು ಹೇಳಿರಲಿಕ್ಕಿಲ್ಲ ಎಂದು ನನಗೆ ಹೊಳೆದದ್ದು, ಸುಟ್ಟ ಕೈಯಲ್ಲಿ ಸಹಿ ಮಾಡಲಾಗದೆ ಹೆಬ್ಬೆಟ್ಟು ಒತ್ತಿದ ಮೇಲೆ. ಇದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಇವರನ್ನೂ ದೇವುನನ್ನೂ ಒಯ್ದಿದ್ದಾರೆ. ಜಾಮೀನಿಗೆ ಅವರ ಕಡೆಯವರು ಓಡಾಡುತ್ತಿದ್ದಾರೆ. ನಾವಿಬ್ಬರೂ ಅಂಗನವಾಡಿಯ ಹಿಂದೆ ಒಂದು ಕೋಣೆ ಹಿಡಿದಿದ್ದೇವೆ. ಬಾಗಿಲಿಗೆ 'ಕಳ್ಳಿ' ಎಂದು ಯಾರೋ ಇದ್ದಿಲಿನಿಂದ ಬರೆದು ಹೋಗಿದ್ದರು. ದೇವಿಕಾ ಒರೆಸಿದಳು. ಈ ಬಾಗಿಲಿಗೆ ಇರುವುದು ಒಂದೇ ಚಿಲಕ, ಅದೂ ಸಡಿಲ. ನಿನ್ನೆ ಮಧ್ಯಾಹ್ನ ಅನ್ನ ಸಾರು ಉಂಡು ಅದನ್ನು ಹಾಕದೆಯೇ ಮಲಗಿದ್ದೆ. ಎದ್ದಾಗ ಸಂಜೆಯಾಗಿತ್ತು.

ಅಮೃತ


ಶಹಾಪುರ
೪ ಮೇ ೨೦೨೪

ಅಮೃತಾ,

ಪೊಲೀಸರು ಬಂದು ನಿನ್ನ ಹೇಳಿಕೆಯನ್ನು ನಮ್ಮ ಮುಂದೆ ಓದಿದರು. ನನ್ನ ಗಂಡ ಕಳ್ಳನಲ್ಲ ಎಂದು ಕಾಗದದ ಮೇಲೆ ಬಂತು. ಮನ್ಸೂರ ಅಂಗಡಿಯಿಂದ ಪೇಡೆ ತಂದು ಓಣಿಗೆಲ್ಲ ಹಂಚಿದ. ಇವರು ಒಂದನ್ನೂ ಬಾಯಿಗೆ ಹಾಕಲಿಲ್ಲ. ಹುಣಸೆಹಣ್ಣಿನ ಸಾಲು ಬಂದಾಗ ಇವರು ತಲೆ ಎತ್ತಿ ನನ್ನನ್ನು ನೋಡಿದ್ದರು.

ನಾಲ್ಕು ದಿನ ನಾನು ಕಲಸಿ ಕೊಟ್ಟದ್ದನ್ನು ಎಡಗೈಯಿಂದ ಉಣ್ಣುತ್ತಿದ್ದರು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಐದನೆಯ ದಿನ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಕೇಳಿದರು. ಕೇಳಿದ್ದು ನಮ್ಮ ಮನೆಯ ದಖನಿ ಉರ್ದುವಿನಲ್ಲಿ, ನಿನಗೆ ಕನ್ನಡದಲ್ಲಿ ಬರೆಯುತ್ತೇನೆ.

"ಅವಳಿಗೆ ಕೊಟ್ಟೆ. ನಾನು ಅದೇ ಮನೆಯಲ್ಲಿ, ಹೊರಗಿನ ಕೋಣೆಯಲ್ಲೇ ಕೂತಿದ್ದೆ. ನನ್ನ ಬಾಯಿ ಹುಣ್ಣು ನಿನಗೆ ಗೊತ್ತಿತ್ತು. ನನಗೆ ಆ ಅಕ್ಕಿ ತಿನ್ನಬೇಡ ಅಂತ ಯಾಕೆ ಹೇಳಲಿಲ್ಲ?"

"ನೀವು ಕದ್ದಿರಲಿಲ್ಲವಲ್ಲ" ಎಂದೆ.

ಅದೇ ನಿಜ ಅಮೃತಾ. ನಿನ್ನ ಗಂಡ ಅಕ್ಕಿಯನ್ನು ನಂಬಿದ ಮೂರ್ಖ ಎಂದು ಆರು ತಿಂಗಳು ಬೈದೆ. ಅವನಿಗಿಂತ ಹೆಚ್ಚು ನಂಬಿದವಳು ನಾನು. ತಪ್ಪಿದ್ದವಳಿಗೆ ಅಷ್ಟೇ ಅದರಿಂದ ಅಪಾಯ, ತಪ್ಪಿಲ್ಲದವರಿಗೆ ಏನಾಗುತ್ತದೆ ಎಂದುಕೊಂಡೆ. ಅದಕ್ಕೇ ನಿನ್ನನ್ನು ಉಳಿಸಿದೆ, ಇವರನ್ನು ಬಿಟ್ಟೆ. ಏಟು ಬೀಳುವಾಗಲೂ ನಿನ್ನ ಮುಖ ನೋಡುತ್ತ ನಿಂತೆನೇ ಹೊರತು ನಾನಾದರೂ ಬಾಯಿ ಬಿಟ್ಟೆನೇ? ಚಿಲಕದ ಮಾತು ನನಗೂ ಗೊತ್ತಿತ್ತಲ್ಲ. ನಿನ್ನನ್ನು ಕೊಂದುಹಾಕುತ್ತಾರೆ ಎಂದು ಸುಮ್ಮನಿದ್ದೆನೋ, ನಿನಗೆ ಹುಣಸೆ ಕೊಟ್ಟದ್ದು ಹೊರಗೆ ಬೀಳುತ್ತದೆ ಎಂದು ಸುಮ್ಮನಿದ್ದೆನೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ನನ್ನ ಉತ್ತರ ಕೇಳಿ ಇವರು ಎಡಗೈಯಿಂದ ನನ್ನ ಮುಖಕ್ಕೆ ಹೊಡೆದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲನೆಯದು. ಮೂಗಿನಿಂದ ರಕ್ತ ಬಂತು. ಆಮೇಲೆ ಮನೆಯಲ್ಲಿದ್ದ ತಮ್ಮದೇ ಉಳಿ, ಬಾಚಿ, ಗರಗಸ ಎಲ್ಲವನ್ನೂ ಒಂದೊಂದಾಗಿ ಗೋಡೆಗೆ ಎಸೆದರು. ಎಡಗೈಗೆ ಗುರಿ ಇಲ್ಲ, ಒಂದು ಉಳಿ ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ನಾನು ಜರುಗಲಿಲ್ಲ. ಎಸೆಯಲು ಏನೂ ಉಳಿಯದಿದ್ದಾಗ ನೆಲದ ಮೇಲೆ ಕೂತು ಅತ್ತರು. ಕೈ ಮುರಿದ ದಿನವೂ ಅವರು ಅಳುವುದನ್ನು ನಾನು ನೋಡಿರಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಹೇಳಿದ್ದಕ್ಕಲ್ಲ, ಆರು ತಿಂಗಳು ಹೇಳದೇ ಇದ್ದದ್ದಕ್ಕೆ. ಅದು ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ದೇವಿಕಾಳ ಹಲ್ಲಿನ ವಿಷಯ ಓದಿ ಮಾತ್ರ ಊಟ ಸೇರಲಿಲ್ಲ.

ನಿನ್ನೆ ಇವರು ಮತ್ತೆ ಮಾತಾಡಿದರು. "ಆಕೆಯನ್ನು ಕರೆಸು. ಪೊಲೀಸರ ಮುಂದೆ ಹೇಳಿದ್ದು ಪೊಲೀಸರಿಗಾಯಿತು. ನನ್ನ ಮುಂದೆ ಕೂತು ಹೇಳಲಿ. ನೀನೂ ಹೇಳು" ಎಂದರು. ಶುಕ್ರವಾರ ಖಾನಾವಳಿಗೆ ರಜೆ. ಬೆಳಗಿನ ಬಸ್ಸಿಗೆ ಬಾ. ಎಲ್ಲ ಕೇಳಿ ಇವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನನಗೂ ಭಯವಿದೆ, ಬಾ. ಈ ಸಲ ನಾನು ನಿನ್ನ ಮುಖ ನೋಡುತ್ತ ಕಾಯುವುದಿಲ್ಲ. ಮೊದಲು ನಾನೇ ಹೇಳುತ್ತೇನೆ.

ಖಾಜಾಬೀ